ತಾಟು ಎತ್ತಿದ ಮಲೀಕಸಾಬ

ದೌಲತಬಿ ಮಲೀಕಸಾಬನನ್ನು ಮೊದಲ ಸಲ ಕಂಡ ದಿನ ಅವನು ಅವಳ ಹತ್ತಿರ ಹನ್ನೆರಡು ತತ್ತಿ ಕೊಂಡ. ಕೊಂಡವನು ಮನೆಗೆ ಹೋಗಲಿಲ್ಲ. ಅವಳ ಕಟ್ಟೆಯ ಮೇಲೆಯೇ ಕೂತು ಒಂದೊಂದಾಗಿ ಒಡೆದು, ಹಳದಿಯನ್ನಷ್ಟೇ ತನ್ನ ತಾಮ್ರದ ಬೋಗುಣಿಗೆ ಇಳಿಸಿಕೊಂಡು, ಬಿಳಿಯದನ್ನೆಲ್ಲ ಅವಳ ಚರಿಗೆಗೆ ಸುರಿದು ಎದ್ದು ನಿಂತ.

“ಇದೇನ್ರಿ?” ಅಂದಳು ದೌಲತಬಿ.

“ಇದು ನಿಮ್ಮದು. ನನಗ ಹಳದಿ ಅಷ್ಟ ಬೇಕಾಗಿತ್ತು.”

“ಅರ್ಧಾ ತತ್ತಿ ಇಡೂ ಕೋಳಿ ನನ್ನ ಕಡೆ ಇಲ್ಲಲ್ರಿ. ಇದನ್ನ ನಾ ಏನ ಮಾಡ್ಲಿ?”

“ಮುಂಬೈದಾಗ ಇದನ್ನ ಬುರುಗು ಬರೂ ಹಂಗ ಬಡದು, ಸಕ್ರಿ ಹಾಕಿ ಬೇಯಸ್ತಾರ್ರಿ. ಮೋಡ ತಿಂದಂಗ ಆಗ್ತೈತಿ.”

“ನಮ್ಮೂರಾಗ ಮೋಡ ಬರೂದ ಕಡಿಮಿ. ಬಂದದ್ದನ್ನ ನಾವು ತಿನ್ನಂಗಿಲ್ರಿ.”

ಅವನು ನಗಲಿಲ್ಲ. ತಲೆಯ ಮೇಲಿನ ಬಿಳಿ ಟೊಪ್ಪಿಗೆಯನ್ನು ನೆಟ್ಟಗೆ ಮಾಡಿಕೊಂಡು, ಬೋಗುಣಿಯನ್ನು ಎರಡೂ ಕೈಯಲ್ಲಿ ಕೂಸಿನಂತೆ ಹಿಡಿದು, ಓಣಿ ದಾಟಿ ಎದುರಿನ ಮನೆ ಹೊಕ್ಕ. ಆಗ ಅವಳಿಗೆ ತಿಳಿಯಿತು, ಇವನು ಜೈನಬಿಯ ಗಂಡ, ಮುಂಬೈಯಿಂದ ಬಂದಿದ್ದಾನೆ. ಅವಳು ಬಿಳಿಯದಕ್ಕೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಹಂಚಿನ ಮೇಲೆ ಹುಯ್ದಳು. ಅವಳು ತಿಂದು, ಅಣ್ಣನ ಮನೆಯವರು ತಿಂದು, ಪಕ್ಕದ ಮನೆಗೂ ಒಂದು ತುಂಡು ಹೋಯಿತು. ಅದು ಇಸವಿ ಹತ್ತೊಂಬತ್ತು ನೂರಾ ಏಳು, ಬಿಳಿಜೋಳ ಹೊಡೆ ಹಾಯುತ್ತಿದ್ದ ತಿಂಗಳು.

ದೌಲತಬಿ ಬದಾಮಿಯಲ್ಲಿ ಹುಟ್ಟಿ ಇಳಕಲ್ಲಿಗೆ ಸೊಸೆಯಾಗಿ ಹೋದವಳು. ಗಂಡ ಅಬ್ದುಲಸಾಬ ಮಗ್ಗದವನು. ಅವನು ಜ್ವರದಲ್ಲಿ ತೀರಿದ ಮೇಲೆ ತಿರುಗಿ ತವರಿಗೆ ಬಂದು, ಅಣ್ಣನ ಮನೆಯ ಒಂದು ಕೋಣೆಯಲ್ಲಿ ಇದ್ದು, ಕೋಳಿ ಸಾಕಿಕೊಂಡು, ಬೇಕಾದವರಿಗೆ ರೊಟ್ಟಿ ಬಡಿದುಕೊಡುತ್ತಿದ್ದಳು. ಇಳಕಲ್ಲಿನಲ್ಲಿ ಸೀರೆಯ ಮೈ ಎಳೆಗೆ ಸೆರಗಿನ ಎಳೆ ಕೂಡಿಸುವ ಕೆಲಸ ಅವಳದಾಗಿತ್ತು. ಒಂದು ಎಳೆ ತಪ್ಪಿದರೆ ಸೆರಗು ಸೊಟ್ಟ. ಹೀಗಾಗಿ ಏನನ್ನು ಕಂಡರೂ ಎಣಿಸುವುದು ಅವಳಿಗೆ ರೂಢಿಯಾಗಿತ್ತು. ಓಣಿಯ ಆಡು ಎಷ್ಟು, ಮಸೀದಿಯ ಮೆಟ್ಟಿಲು ಎಷ್ಟು, ಅಣ್ಣನ ಹೆಂಡತಿ ದಿನಕ್ಕೆ ಎಷ್ಟು ಸಲ ನಿಟ್ಟುಸಿರು ಬಿಡುತ್ತಾಳೆ, ಎಲ್ಲ ಅವಳಿಗೆ ಗೊತ್ತು.

ಮಲೀಕಸಾಬ ಊರಿಗೆ ಬಂದದ್ದಕ್ಕೂ ಆ ಎಣಿಕೆಯೇ ಕಾರಣ. ಅವನು ಇಪ್ಪತ್ತೈದರ ವಯಸ್ಸಿನಲ್ಲಿ ಮುಂಬೈಗೆ ಹೋಗಿ ಒಬ್ಬ ಫ್ರೆಂಚ್ ಮದಾಮಳ ಹೊಟೇಲು ಸೇರಿದ್ದ. ದೊಡ್ಡ ದೊಡ್ಡ ಸಾಹೇಬರು ಗಾಡಿ ಕಟ್ಟಿಸಿಕೊಂಡು ಬಂದು ಉಣ್ಣುವ ಜಾಗ ಅದು. ಎರಡು ವರ್ಷ ತಾಟು ತೊಳೆದ. ಮೂರು ವರ್ಷ ಉಳ್ಳಾಗಡ್ಡಿ ಹೆಚ್ಚಿದ. ಆಮೇಲೆ ಮದಾಮಳು ಅವನನ್ನು ಒಲೆಯ ಹತ್ತಿರ ಬರಗೊಟ್ಟಳು. ಹೀಗೆ ಹದಿನಾಲ್ಕು ವರ್ಷ. ಎರಡು ವರ್ಷಕ್ಕೊಮ್ಮೆ ರಮಜಾನ್ ಹಬ್ಬಕ್ಕೆ ಬಂದು ಒಂಬತ್ತು ದಿನ ಇದ್ದು ಹೋಗುವನು. ಒಂದು ಮಧ್ಯಾಹ್ನ ಜೈನಬಿಯ ಜೊತೆ ಶೇಂಗಾ ಸುಲಿಯುತ್ತ ಕೂತಾಗ ದೌಲತಬಿ ಸುಮ್ಮನೆ ಇರಲಾರದೆ ಹೇಳಿದಳು, “ಏಳು ಸಲ, ಒಂಬತ್ತ ಒಂಬತ್ತ ದಿನ. ಅರವತ್ಮೂರು ದಿನದ ಸಂಸಾರ ಆತಲ್ಲ ನಿಂದು.”

ಜೈನಬಿಯ ಕೈ ನಿಂತಿತು. ಅವಳು ಅಲ್ಲಿಯವರೆಗೆ ಅದನ್ನು ಎಣಿಸಿರಲಿಲ್ಲ. ಮರುದಿನವೇ ಓದು ಬರುವವರನ್ನು ಹಿಡಿದು ಮುಂಬೈಗೆ ಕಾಗದ ಬರೆಸಿದಳು. ಹೇಳಬಾರದಿತ್ತು ಎಂದು ದೌಲತಬಿಗೆ ಆಮೇಲೆ ಅನ್ನಿಸಿತು, ಆದರೆ ಟಪಾಲು ಹೋಗಿಯಾಗಿತ್ತು.

ಮಲೀಕಸಾಬ ಕಬ್ಬಿಣದ ಟ್ರಂಕು, ಎರಡು ತಾಮ್ರದ ಬೋಗುಣಿ, ಮತ್ತೊಬ್ಬರಿಗೆ ಮುಟ್ಟಗೊಡದ ಒಂದು ಚೂರಿ ತಗೊಂಡು ಬಂದು ಇಳಿದ. ಟ್ರಂಕು ನೆಲಕ್ಕೆ ಇಟ್ಟನೋ ಇಲ್ಲವೋ, ಜೈನಬಿ ಬಾಗಿಲಲ್ಲಿ ನಿಂತೇ ಹೇಳಿದಳು, “ಇನ್ನೊಮ್ಮೆ ಮುಂಬೈಗಾಡಿ ಹತ್ತಿದ್ರ, ತಿರುಗಿ ಬರೂ ಮುಂದ ಬ್ಯಾರೆ ಠೇಶನ್ ನೋಡಿ ಇಳೀರಿ. ಬದಾಮ್ಯಾಗ ನಿಮ್ಮ ಮನಿ ಇರಂಗಿಲ್ಲ.”

“ಇಲ್ಲಿದ್ದು ಏನ ಮಾಡ್ಲಿ? ಹೊಲಾ ಇಲ್ಲ, ಮಗ್ಗಾ ಇಲ್ಲ. ನನಗ ಬರೂದು ಅದೊಂದ ಅಡಿಗಿ.”

“ಬದಾಮ್ಯಾಗ ಮಂದಿ ಉಣ್ಣಂಗಿಲ್ಲೇನು?”

ಹಾಗೆ ಅವನ ಮನೆಯ ಮುಂದಿನ ಕೋಣೆ ಫ್ರೆಂಚ್ ಖಾನಾವಳಿಯಾಯಿತು. ಬಡಿಗನ ಹತ್ತಿರ ಒಂದು ಟೇಬಲ್ಲು, ಎರಡು ಖುರ್ಚಿ ಮಾಡಿಸಿದ. ದೌಲತಬಿ ಗಂಡನ ಮಗ್ಗದಲ್ಲಿ ಉಳಿದಿದ್ದ ಬಿಳಿ ಬಟ್ಟೆ ಕೊಟ್ಟಳು, ಅದನ್ನು ಟೇಬಲ್ಲಿನ ಮೇಲೆ ಹಾಸಿದ. ಅವಳು ದಿನಾ ಹೋಗಿ ಒರಳು, ನೀರು, ಒಲೆ ನೋಡಿಕೊಳ್ಳುವಳು. ಅರವತ್ಮೂರು ದಿನದ ಲೆಕ್ಕ ಹೇಳಿದ ಋಣ ಅಷ್ಟಾದರೂ ತೀರಲಿ ಎಂದು. ಅವನು ಒಂದು ಉಳ್ಳಾಗಡ್ಡಿ ಹೆಚ್ಚಿ ಮುಗಿಸುವುದರಲ್ಲಿ ಜೈನಬಿ ಒಲೆಯಿಂದ ಸಾರು ಇಳಿಸಿರುತ್ತಿದ್ದಳು. ಆದರೆ ಆ ಹೆಚ್ಚು ನೋಡುವಂತಿರುತ್ತಿತ್ತು. ಒಂದು ಚೂರು ದೊಡ್ಡದಿಲ್ಲ, ಒಂದು ಚೂರು ಸಣ್ಣದಿಲ್ಲ. ದೌಲತಬಿಗೆ ಅವನ ಮೇಲೆ ಗೌರವ ಹುಟ್ಟಿದ್ದು ಅಲ್ಲಿ.

“ಮದಾಮಳ ಮಾತು ಒಂದ ಆಪಾ,” ಎಂದು ದೌಲತಬಿಯನ್ನು ಅಕ್ಕನೆಂದು ಕರೆದು ಅನ್ನುವನು. “ಒಂದ ತಾಟಿನ್ಯಾಗ ಎರಡ ಅಡಿಗಿ ಒಂದರ ಮಾರಿ ಒಂದು ನೋಡಬಾರದು. ಮದಲ ಸಾರು. ಉಣ್ಣಾವ್ರು ಚಮಚೆ, ಚೂರಿ ಕೆಳಗ ಇಟ್ರಂದ್ರ ಅದು ಮುಗೀತು, ತಾಟು ಎತ್ತು. ಆಮ್ಯಾಲ ಮೀನು. ಅದು ಮುಗೀತು, ತಾಟು ಎತ್ತು. ಆಮ್ಯಾಲ ಕೋಳಿ. ಹಂಗ ಐದು ತಾಟು.”

“ಐದ ಸಲ ಎತ್ತೂದು, ಐದ ಸಲ ತೊಳಿಯೂದು,” ಅಂದಳು ದೌಲತಬಿ. “ಒಮ್ಮೆಲೆ ನೀಡಿದ್ರ ನಾಕು ತಾಟು ಉಳೀತಾವು.”

“ನೀ ತಾಟು ಎಣಸ್ತಿ. ಅವರು ರುಚಿ ಎಣಸ್ತಾರ.”

ಹಿಂದೂ ಮಂದಿ ಅವನ ಮನೆಗೆ ಬಂದು ಉಣ್ಣುವ ಕಾಲ ಅದಲ್ಲ, ಅದು ಅವನಿಗೆ ಗೊತ್ತೇ ಇತ್ತು. ತನ್ನ ಓಣಿಯವರು ಬಂದಾರು ಅಂದುಕೊಂಡಿದ್ದ. ಇಪ್ಪತ್ತು ದಿನದಲ್ಲಿ ಬಂದವರು ಇಬ್ಬರು. ಮೊದಲನೆಯವನು ಸಾರು ಕುಡಿದು, ತಾಟು ಎತ್ತಿದ್ದೇ ತಡ, ಊಟ ಮುಗಿಯಿತೆಂದು ತಿಳಿದು ಕೈ ತೊಳೆದು ಹೋಗಿಬಿಟ್ಟ. ಇಷ್ಟು ದೊಡ್ಡ ಹೆಸರಿನ ಖಾನಾವಳಿಯಲ್ಲಿ ಅರ್ಧ ಬಟ್ಟಲು ನೀರು ಕೊಟ್ಟರೆಂದು ಚಾವಡಿಯಲ್ಲಿ ಹೇಳಿದ. ಎರಡನೆಯವನು ಅದನ್ನು ಕೇಳಿ, ಮನೆಯಿಂದಲೇ ಉಂಡು ಬಂದ. ಸುಮ್ಮನೆ ಟೇಬಲ್ಲು ನೋಡಿ ಹೋದ.

ಜೈನಬಿ ಟ್ರಂಕನ್ನು ಅಟ್ಟದ ಮೇಲೆ ಇಡದೆ ಬಾಗಿಲ ಹತ್ತಿರವೇ ಇಟ್ಟಿದ್ದಳು.

ಇನ್ನು ಇದ್ದದ್ದು ಎರಡು ದಾರಿ. ಒಂದು ಹುಸೇನಪೀರ. ಎಪ್ಪತ್ತರ ಮುದುಕ, ಹತ್ತಿಯ ವ್ಯಾಪಾರಿ, ಜಮಾತಿನ ಹಿರಿಯ. ಅವನ ಮೊಮ್ಮಗಳನ್ನು ಬಾಗಲಕೋಟೆಗೆ ಕೊಡುವುದು ಗೊತ್ತಾಗಿತ್ತು, ಮದುವೆ ಮುಂದಿನ ತಿಂಗಳು. ಅವನು ಯಾರ ಕೈಯಲ್ಲಿ ಅಡಿಗೆ ಮಾಡಿಸುತ್ತಾನೋ ಊರಿನ ಮಿಕ್ಕ ಮದುವೆ, ಉರುಸು, ಕೂಸಿನ ಮುಡಿ ತೆಗೆಯುವ ಅಕೀಕಾ ಎಲ್ಲ ಅವರ ಕೈಗೆ. ಇನ್ನೊಂದು ದಾರಿ ಗುಡಿಗಳ ಚಿತ್ರ ಬರೆಯುವ ಸಾಹೇಬ. ಹುನಗುಂದದ ಕಡೆ ಐಹೊಳೆಯಲ್ಲಿ ಎರಡು ತಿಂಗಳು ಡೇರೆ ಹಾಕಿದ್ದು, ಈಗ ಮೇಣಬಸದಿಯ ಗವಿಗಳ ಕೆತ್ತನೆ ಬರೆದುಕೊಳ್ಳಲು ಬದಾಮಿಯ ಬಂಗಲೆಯಲ್ಲಿ ಇಳಿದಿದ್ದ. ಅವನಿಗೆ ಊಟ ಸೇರಿದರೆ ಬೇಸಿಗೆಯವರೆಗೆ ದಿನಾ ಕೆಲಸ. ಮಲೀಕಸಾಬ ಹುಸೇನಪೀರನನ್ನು ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಊಟಕ್ಕೆ ಕರೆದ. ಸಾಹೇಬನಿಗೆ ಟಾಂಗಾ ಹೊಡೆಯುವ ಮಾಳಪ್ಪನ ಕಡೆಯಿಂದ ಆದಿತ್ಯವಾರಕ್ಕೆ ಹೇಳಿಕಳಿಸಿದ. ಇಬ್ಬರೂ ಒಲ್ಲೆ ಅಂದರೆ ಸೋಮವಾರದ ಗಾಡಿ ಹತ್ತುವುದು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ದೌಲತಬಿಗೆ ಮಾತ್ರ ಹೇಳಿದ.

“ಆಕೀಗೆ ಹೇಳಬ್ಯಾಡ.”

“ಆಕೀಗೆ ಹೇಳೂದೇನೈತಿ? ಟ್ರಂಕ ಬಾಗಲದಾಗ ಇಟ್ಟಾಕಿ ಆಕಿನ.”

ಶುಕ್ರವಾರ ಬೆಳಗಿನಿಂದ ಅವನು ಅಡಿಗೆಗೆ ಕೂತ. ಮಲಪ್ರಭೆಯ ಮೀನು ತರಿಸಿದ್ದ. ದೌಲತಬಿಯ ಎರಡು ಹುಂಜ ಹೋದವು. ಮುಂಬೈಯಲ್ಲಿ ದ್ರಾಕ್ಷಿಯ ಸೆರೆ ಹಾಕುವ ಕಡೆಗೆಲ್ಲ ಹುಣಸೆಯ ತಿಳಿನೀರು ಹಾಕಿದ. ಅದನ್ನು ಕಲಿಯಲಿಕ್ಕೇ ಅವನಿಗೆ ಹತ್ತು ದಿನ ಹಿಡಿದಿತ್ತು. ಈ ಕಡೆ ಹಿಂದಿನ ಪಡಸಾಲೆಯಲ್ಲಿ ಜೈನಬಿ ತನ್ನದೇ ಒಲೆ ಹೊತ್ತಿಸಿದಳು. ಎಣ್ಣೆಗಾಯಿ ಬದನೆ, ಹೆಸರುಕಾಳು, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಮೊಸರು. ದೌಲತಬಿಗೆ ರೊಟ್ಟಿ ಬಡಿಯಲು ಹೇಳಿದಳು.

“ಇದು ಯಾರಿಗೆ?” ಎಂದು ಕೇಳಿದಳು ದೌಲತಬಿ.

“ಅವರ ಐದು ತಾಟು ಉಂಡ ಮ್ಯಾಲ ಹುಸೇನಪೀರ ಚಾಚಾಗ ಹಸಿವಿ ಆಗ್ತೈತಲ್ಲ, ಅದಕ್ಕ.”

ಹುಸೇನಪೀರ ಬಂದ. ಖುರ್ಚಿ ನೋಡಿದ, ಹತ್ತಿ ಚಕ್ಕಳಮಕ್ಕಳ ಹಾಕಿ ಕೂತ. ಮೊಳಕಾಲು ಟೇಬಲ್ಲಿಗೆ ತಾಗಿತು. “ಸೆರೆ ಪರೆ ಹಾಕಿಲ್ಲಲಾ?” ಎಂದು ಕೇಳಿದ. “ಇಲ್ರಿ ಚಾಚಾರ, ಹುಣಸಿನೀರು,” ಅಂದ ಮಲೀಕಸಾಬ. ಮುದುಕ ಸಮಾಧಾನವಾಗಿ ಗಡ್ಡ ನೀವಿಕೊಂಡ.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಟಾಂಗಾ ನಿಂತಿತು. ಮಾಳಪ್ಪ ಹೊರಗಿನಿಂದಲೇ ಕೂಗಿದ, “ಮಲೀಕಣ್ಣಾ, ಸಾಹೇಬರನ್ನ ಕರಕೊಂಡ ಬಂದೇನಪಾ. ಬಂಗಲ್ಯಾಗ ಅಡಿಗಿ ಮಾಡಾವ ಮಗಳ ಬಾಣಂತನಕ್ಕ ಊರಿಗೆ ಹೋಗ್ಯಾನ. ಒಲಿ ಹೊತ್ತಿಲ್ಲ. ನಿನ್ನೆ ಮಧ್ಯಾಹ್ನದಿಂದ ಬಿಸ್ಕೀಟ ತಿಂದ ಅದಾರ.”

ಟೇಬಲ್ಲು ಒಂದೇ. ಅದರ ಮುಂದೆ ಹುಸೇನಪೀರ. ಮಲೀಕಸಾಬ ಒಂದು ಕೈಯಲ್ಲಿ ಸಾರಿನ ತಾಟು ಹಿಡಿದು ಪಡಸಾಲೆಗೆ ಬಂದ. ಸಾಹೇಬ ಆಗಲೇ ಬೂಟು ಬಿಚ್ಚಿ ಚಾಪೆಯ ಮೇಲೆ ಕೂತಿದ್ದ. ಕೆಂಪು ಮುಖ, ಎಳೆ ವಯಸ್ಸು, ಕಾಲು ಎಲ್ಲಿ ಮಡಚಬೇಕೆಂದು ತಿಳಿಯದೆ ಒಂದು ಕಡೆ ಚಾಚಿದ್ದ. ರೊಟ್ಟಿಯ ವಾಸನೆಗೆ ಮೂಗು ತಾನೇ ಒಲೆಯ ಕಡೆ ತಿರುಗಿತ್ತು.

“ಆಪಾ, ಇವರನ್ನ ನೀ ಸಂಭಾಳಸು. ಇದ್ದದ್ದು ನೀಡು. ಚಾಚಾರ ಐದು ತಾಟು ಮುಗಸಿ ಬರ್ತೇನಿ,” ಎಂದು ಮಲೀಕಸಾಬ ಮುಂದಕ್ಕೆ ಓಡಿದ.

ಜೈನಬಿ ಸಾಹೇಬನ ಎದುರು ಬರಲಾರದೆ, ಸೆರಗು ಹೊದ್ದು, ನಡುವಿನ ಬಾಗಿಲ ಪರದೆಯ ಸಂದಿಯಲ್ಲಿ ಒಂದು ಕಣ್ಣಿಟ್ಟು ನಿಂತಳು. ಮುಂದೆ ಆಗುವುದನ್ನೆಲ್ಲ ಹಿಂದೆ ಹೇಳುವ ಕೆಲಸ ತಾನೇ ತಗೊಂಡಳು.

ದೌಲತಬಿ ಸಾಹೇಬನ ತಾಟಿಗೆ ಒಂದು ರೊಟ್ಟಿ, ಬದನೆಕಾಯಿ, ಕಾಳು, ಹಿಂಡಿ, ಮೊಸರು ಎಲ್ಲ ಒಮ್ಮೆಲೆ ನೀಡಿದಳು. ಸಾಹೇಬ ಒಂದು ತುಂಡು ಬಿಡದೆ ಉಂಡ. ಅವನ ಸೀಮೆಯಲ್ಲಿ ನೀಡಿದ್ದನ್ನು ಬಿಟ್ಟರೆ ಮನೆಯವರಿಗೆ ಅವಮಾನವಂತೆ, ಅದನ್ನು ಮಾಳಪ್ಪ ಆಮೇಲೆ ಹೇಳಿದ. ದೌಲತಬಿಯ ಸೀಮೆಯಲ್ಲಿ ತಾಟು ಬರಿದಾಗಿ ಕಂಡರೆ ನೀಡುವವಳಿಗೆ ಅವಮಾನ. ಅವಳು ಎರಡನೆಯ ರೊಟ್ಟಿ ಹಾಕಿದಳು. ಅವನು ಅದನ್ನೂ ಮುಗಿಸಿದ. ಅವಳು ಮೂರನೆಯದು ಹಾಕಿದಳು.

“ಬಸ್,” ಅಂದ ಸಾಹೇಬ.

ದೌಲತಬಿಗೆ ಅವನ ಮೇಲೆ ಅಭಿಮಾನ ಬಂತು. ಒಳ್ಳೆಯ ಮನೆತನದ ಹುಡುಗ. ಮರ್ಯಾದೆಯುಳ್ಳವರು ಹಸಿವಿದ್ದಾಗಲೇ ಬಸ್ ಅನ್ನುತ್ತಾರೆ. ಮೂರು ಸಲ ಅಂದರೂ ನಂಬಬಾರದು. ಅವಳು ನಾಲ್ಕನೆಯದು ಹಾಕಿದಳು.

ಪರದೆಯ ಹತ್ತಿರದಿಂದ ಜೈನಬಿ ಪಿಸುಗುಟ್ಟಿದಳು, “ಸಾರು ಇಟ್ರು. ಚಾಚಾ ಎರಡ ಚಮಚೆ ಕುಡುದು ರೊಟ್ಟಿ ಹಾದಿ ನೋಡಾಕತ್ತಾನ.”

“ರೊಟ್ಟಿ ಇಲ್ಲೇನು ಅಲ್ಲಿ?”

“ಎಲ್ಲಿದು? ಅಯ್ಯ, ಚಮಚೆ ಕೆಳಗಿಟ್ಟಾನೋ ಇಲ್ಲೋ, ತಾಟು ಎತ್ತಿಬಿಟ್ರು.”

ದೌಲತಬಿಯ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. ಉಣ್ಣುವವನ ಮುಂದಿನ ತಾಟು ಎತ್ತುವುದೆಂದರೆ ಅವನನ್ನು ಕೈಹಿಡಿದು ಹೊರಗೆ ಹಾಕಿದ ಹಾಗೆ. ಅಣ್ಣತಮ್ಮಂದಿರು ಬೇರೆಯಾಗುವಾಗಲೂ ಉಂಡು ಏಳಲಿ ಎಂದು ಕಾಯುತ್ತಾರೆ. ಒಂದು ವೇಳೆ ತಾಟು ಎತ್ತಿದರೆ ಅಲ್ಲಿಂದ ಮುಂದೆ ಮೂರು ತಲೆಮಾರು ಮಾತಿಲ್ಲ.

“ಮೀನು ಬಂತು,” ಅಂದಳು ಜೈನಬಿ. “ಒಂದು ತುತ್ತು ತಿಂದ. ಏನೋ ಹೇಳಾಕ ಮಾರಿ ಈ ಕಡೆ ತಿರುವಿದ. ಹೋತು. ಅದನ್ನೂ ಎತ್ತಿದ್ರು.”

“ಅವರಿಗೆ ಯಾರರ ಹೇಳ್ರಲೇ!”

“ನಾ ಹೆಂಗ ಹೋಗ್ಲಿ ಚಾಚಾನ ಮುಂದ? ಕೋಳಿ ತಂದ್ರು ನೋಡ. ಹಾಂ, ಈ ಸಲ ಮುದುಕ ಶಾಣ್ಯಾ ಆಗ್ಯಾನ. ಎಡಗೈಲೆ ತಾಟು ಹಿಡಕೊಂಡ ಕುಂತಾನ.”

ಇತ್ತ ಸಾಹೇಬ ಐದನೆಯ ರೊಟ್ಟಿ ಮುಗಿಸಿ ಹಣೆ ಒರೆಸಿಕೊಂಡ. ಅಂಗಿಯ ಒಂದು ಗುಂಡಿ ಬಿಚ್ಚಿದ. “ಬಸ್, ಅಮ್ಮಾ, ಬಸ್,” ಅಂದ. ಆರನೆಯದು ತಾಟಿಗೆ ಬಿತ್ತು. ಸಾಹೇಬ ಹಿತ್ತಲ ಬಾಗಿಲಲ್ಲಿ ಕೂತಿದ್ದ ಮಾಳಪ್ಪನ ಕಡೆ ದೀನನಾಗಿ ನೋಡಿದ. ಮಾಳಪ್ಪ, ಸಾಹೇಬರಿಗೆ ಊಟ ಭಾಳ ಸೇರಿದೆ ಎಂದು ತಿಳಿದು, ತಲೆಯಾಡಿಸಿ ಸಂತೋಷ ತೋರಿಸಿದ.

ಮುಂದಿನ ಕೋಣೆಯಿಂದ ಈಗ ಮಾತು ಪರದೆಯಿಲ್ಲದೆಯೇ ಕೇಳಿಸತೊಡಗಿತು.

“ಬಿಡೋ.”

“ಆತಲ್ರಿ ಚಾಚಾರ, ಚೂರಿ ಕೆಳಗ ಇಟ್ರಲ್ಲ. ಇನ್ನ ಮುಂದಿಂದು ಬರ್ತೈತ್ರಿ.”

“ನಾ ಎಲುವು ಹಿಡಕೊಳ್ಳಾಕ ಚೂರಿ ಇಟ್ಟೇನಿ. ತಾಟು ಬಿಡೋ.”

“ಆರಿದ್ರ ರುಚಿ ಕೆಡ್ತೈತ್ರಿ.”

“ಹಂಗಾರ ನಾ ಕೆಡಸಿಕೊಂಡ ಉಣ್ತೇನಿ, ನೀ ಕೈ ತಗೀ.”

ಒಂದು ಕಡೆಯಿಂದ ಎಪ್ಪತ್ತು ವರ್ಷದ ರೂಢಿ ಎಳೆಯಿತು, ಇನ್ನೊಂದು ಕಡೆಯಿಂದ ಹದಿನಾಲ್ಕು ವರ್ಷದ ರೂಢಿ. ಹದಿನಾಲ್ಕರ ಕೈಯೇ ಗಟ್ಟಿಯಾಗಿತ್ತು. ತಾಟು ಮಲೀಕಸಾಬನ ಕೈಗೆ ಬಂತು. ಹುಸೇನಪೀರನ ಬೆರಳಲ್ಲಿ ಒಂದು ಎಲುವು ಮಾತ್ರ ಉಳಿಯಿತು.

ಮುದುಕ ಖುರ್ಚಿಯಿಂದ ಇಳಿದ. ದನಿ ಏರಿಸಲಿಲ್ಲ. “ಮಲೀಕ, ನನ್ನ ಮುಂದಿನ ತಾಟು ಇವತ್ತಿನ ತನಾ ಯಾರೂ ಎತ್ತಿಲ್ಲ. ನನ್ನ ವೈರಿ ಸುದ್ದಾ ಎತ್ತಿಲ್ಲ. ನೀ ಮನೀಗೆ ಕರದು ಮೂರ ಸಲ ಎತ್ತಿದಿ. ನಿನ್ನ ಅಡಿಗಿ ಛಲೋ ಐತೋ ಕೆಟ್ಟ ಐತೋ ನನಗ ಗೊತ್ತಿಲ್ಲ. ಉಣ್ಣಾಕ ಬಿಟ್ಟಿದ್ರ ಗೊತ್ತಾಗ್ತಿತ್ತು. ಕೈ ತೊಳಕೊಳ್ಳೂದು ಎಲ್ಲಿ?”

ಕೈ ತೊಳೆಯುವ ಬಚ್ಚಲು ಪಡಸಾಲೆ ದಾಟಿ ಹಿತ್ತಲಲ್ಲಿತ್ತು. ಜೈನಬಿ ಪರದೆ ಬಿಟ್ಟು ಕಣಜದ ಹಿಂದೆ ಸರಿದಳು. ಹುಸೇನಪೀರ ಒಳಗೆ ಕಾಲಿಟ್ಟು ಅಲ್ಲೇ ನಿಂತ. ಚಾಪೆಯ ಮೇಲೆ ಒಬ್ಬ ಸಾಹೇಬ. ಅವನ ಮುಂದೆ ತಾಟಿನ ತುಂಬ ರೊಟ್ಟಿ, ಬದನೆಕಾಯಿ, ಕಾಳು, ಹಿಂಡಿ, ಮೊಸರು. ಸಾಹೇಬನ ಕಣ್ಣಲ್ಲಿ ನೀರು. ಹಂಚಿನ ಮೇಲೆ ಇನ್ನೊಂದು ರೊಟ್ಟಿ ಉಬ್ಬುತ್ತಿತ್ತು.

“ಅಂದ್ರ,” ಅಂದ ಹುಸೇನಪೀರ, “ಈ ಮನ್ಯಾಗ ಊಟ ಐತಿ. ನನಗಷ್ಟ ಇಲ್ಲ.”

ದೌಲತಬಿ ಚಾಪೆಯ ಇನ್ನೊಂದು ಬದಿ ಝಾಡಿಸಿ, ತಾಟು ಇಟ್ಟು, ಉಬ್ಬಿದ ರೊಟ್ಟಿಯನ್ನು ಅದರಲ್ಲಿ ಹಾಕಿದಳು. ಮುದುಕನಿಗೆ ಹಸಿವಿತ್ತು. ಸಿಟ್ಟಿತ್ತು. ರೊಟ್ಟಿಯಿಂದ ಹಬೆ ಏಳುತ್ತಿತ್ತು. ಕೂತ.

ನಡುವಿನ ಬಾಗಿಲಲ್ಲಿ ಮಲೀಕಸಾಬ ಕೋಳಿಯ ತಾಟು ಹಿಡಿದುಕೊಂಡು, ಹೊಸ್ತಿಲ ಮೇಲೆ ಕುಕ್ಕರಿಸಿದ್ದ. ಟೊಪ್ಪಿಗೆ ಸೊಟ್ಟಗಾಗಿತ್ತು. ಕಣಜದ ಹಿಂದಿನಿಂದ ಜೈನಬಿಯ ದನಿ ಬಂತು, “ಟ್ರಂಕ ತುಂಬಲೇನ್ರಿ?” ಆ ದನಿಯಲ್ಲಿ ಚೇಷ್ಟೆ ಇರಲಿಲ್ಲ. ದೌಲತಬಿಗೆ ಅದು ಗೊತ್ತಾಯಿತು. ಇದನ್ನು ಶುರು ಮಾಡಿದ್ದು ತನ್ನ ನಾಲಿಗೆ ಎಂಬುದೂ ನೆನಪಾಯಿತು. ಅವಳು ಎದ್ದು ಹೊಸ್ತಿಲಿಗೆ ಹೋದಳು.

“ಭಾಯಿ, ಆ ಕೋಳಿ ಇಲ್ಲಿ ತರ್ರಿ. ಮೀನೂ ತರ್ರಿ. ಇನ್ನ ಎರಡ ತಾಟಿನ್ಯಾಗ ಏನೈತಿ, ಅದನ್ನೂ ತರ್ರಿ.”

“ಮದಲ ಕೋಳಿ, ಆಮ್ಯಾಲ…”

“ಎಲ್ಲಾ ಒಮ್ಮೆಲೆ.”

“ಒಂದ ತಾಟಿನ್ಯಾಗ? ಒಂದರ ಮಾರಿ ಒಂದು ನೋಡ್ತಾವು ಆಪಾ.”

“ನೋಡ್ಲಿ. ಒಂದ ಮನ್ಯಾಗ ಇರೂವು, ಮಾರಿ ನೋಡದ ಇದ್ರ ಹೆಂಗ?”

ಮಲೀಕಸಾಬ ಎದ್ದ. ಕೋಳಿ ತಂದ, ಮೀನು ತಂದ, ಬೆಣ್ಣೆಯಲ್ಲಿ ಹುರಿದ ಗಜ್ಜರಿ ತಂದ, ತತ್ತಿಯ ಹಳದಿಯ ಸಿಹಿ ತಂದ. ಒಂದೊಂದನ್ನೇ ಹುಸೇನಪೀರನ ತಾಟಿನಲ್ಲಿ ಇಡುವಾಗ ಕಣ್ಣು ಅರ್ಧ ಮುಚ್ಚಿಕೊಂಡಿದ್ದ, ಸೂಜಿ ಚುಚ್ಚಿಸಿಕೊಳ್ಳುವವನ ಹಾಗೆ. ಸಿಹಿ ಹೋಗಿ ಶೇಂಗಾ ಹಿಂಡಿಗೆ ತಾಗಿತು. ಅದನ್ನು ನೋಡಲಾರದೆ ಗೋಡೆಯ ಕಡೆ ತಿರುಗಿದ.

ಹುಸೇನಪೀರ ರೊಟ್ಟಿ ಮುರಿದು ಕೋಳಿಯ ಹಳದಿ ಗೊಜ್ಜಿನಲ್ಲಿ ಅದ್ದಿ ಬಾಯಿಗೆ ಇಟ್ಟ. ಅಗಿಯುವುದು ನಿಧಾನವಾಯಿತು. ಇನ್ನೊಂದು ತುಂಡು ಅದ್ದಿದ. ದೌಲತಬಿ ಎಣಿಸುತ್ತಿದ್ದಳು. ಒಂದು ರೊಟ್ಟಿ, ಎರಡು, ಮೂರು. ನಾಲ್ಕನೆಯದು ನೀಡಲು ಬಗ್ಗಿದಾಗ ಮುದುಕ ಮುಂದಕ್ಕೆ ಬಾಗಿ, ಎರಡೂ ಅಂಗೈ ಅಗಲಿಸಿ ತಾಟಿನ ಮೇಲೆ ಹಿಡಿದ. ಹಾಗೆ ಹಿಡಿದ ಮೇಲೆ ಯಾರೂ ನೀಡುವುದಿಲ್ಲ. ದೌಲತಬಿ ರೊಟ್ಟಿಯನ್ನು ಹಿಂದಕ್ಕೆ ತಗೊಂಡಳು.

ಸಾಹೇಬ ಇದನ್ನು ನೋಡಿದ. ಗವಿಯ ಕೆತ್ತನೆಯನ್ನು ನೋಡುವಷ್ಟೇ ಲಕ್ಷ್ಯಗೊಟ್ಟು ನೋಡಿದ. ಆಮೇಲೆ ತಾನೂ ಮುಂದಕ್ಕೆ ಬಾಗಿ ಎರಡೂ ಅಂಗೈ ತನ್ನ ತಾಟಿನ ಮೇಲೆ ಹಿಡಿದ. ದೌಲತಬಿ ಅವನಿಗೂ ನೀಡುವುದನ್ನು ಬಿಟ್ಟಳು. ಸಾಹೇಬ ಉಸಿರು ಬಿಟ್ಟದ್ದು ಹಿತ್ತಲಲ್ಲಿ ಕಟ್ಟಿದ್ದ ಕುದುರೆಗೂ ಕೇಳಿಸಿತೆಂದು ಮಾಳಪ್ಪ ಮುಂದೆ ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ.

ಹುಸೇನಪೀರ ಕೈ ತೊಳೆದು ಬಂದು ಮಲೀಕಸಾಬನ ಮುಂದೆ ನಿಂತ.

“ಈಗ ಗೊತ್ತಾತು ನೋಡು. ನಿನಗ ಅಡಿಗಿ ಬರ್ತೈತಿ. ನೀಡಾಕ ಬರಂಗಿಲ್ಲ.”

“ಹೌದ್ರಿ ಚಾಚಾರ.”

“ಬಾಗಲಕೋಟಿ ಬೀಗರು ಮುನ್ನೂರ ಮಂದಿ ಬರ್ತಾರ. ಈ ಕೋಳಿ ಮಾಡು. ಮಾಡಿದ ಮ್ಯಾಲ ನೀ ಒಲಿ ಬಿಟ್ಟ ಈಚೆ ಬರಬ್ಯಾಡ. ಉಣ್ಣಾವ್ರ ಸಾಲಿನ್ಯಾಗ ನಿನ್ನ ನೆಳ್ಳು ಕಂಡ್ರ ಮದುವಿ ಮುರದಂಗ ತಿಳೀತೇನಿ.”

ಮುದುಕ ಹೋದ. ಸಾಹೇಬನನ್ನು ಮಾಳಪ್ಪ ಭುಜ ಹಿಡಿದು ಎಬ್ಬಿಸಿ ಟಾಂಗಾ ಹತ್ತಿಸಿದ. ಮರುದಿನ ಮಾಳಪ್ಪನೇ ಸಾಹೇಬರ ಮಾತು ತಂದ. ದಿನಾ ಮಧ್ಯಾಹ್ನ ಊಟಕ್ಕೆ ಬರುತ್ತಾರಂತೆ, ಚಾಪೆಯ ಮೇಲೆಯೇ ಕೂಡುತ್ತಾರಂತೆ. ಆದರೆ ರೊಟ್ಟಿಯ ಅಮ್ಮ ಮೂರಕ್ಕೆ ನಿಲ್ಲಿಸುವುದಾಗಿ ಮೊದಲೇ ಮಾತು ಕೊಡಬೇಕಂತೆ. ದೌಲತಬಿ ನಾಲ್ಕಕ್ಕೆ ಒಪ್ಪಿದಳು.

ಆ ದಿನ ಸಂಜೆಯ ಹೊತ್ತಿಗೆ ಜೈನಬಿ ಟ್ರಂಕಿನಲ್ಲಿ ಉಳಿದಿದ್ದ ಗಂಡನ ಬಟ್ಟೆಯನ್ನೂ ತೆಗೆದು, ಅದರ ತುಂಬ ಶೇಂಗಾ ತುಂಬಿ, ಮುಚ್ಚಳದ ಮೇಲೆ ಬೀಸುವ ಕಲ್ಲು ಏರಿಸಿದಳು. “ಇನ್ನ ಅದನ್ನ ಎತ್ತಾಕ ನಾಕು ಮಂದಿ ಬೇಕು,” ಅಂದಳು. ಗಂಡನಿಗೆ ಅಲ್ಲ, ದೌಲತಬಿಗೆ.

ಮಲೀಕಸಾಬ ಬದಾಮಿಯಲ್ಲಿ ಉಳಿದ, ಹತ್ತೊಂಬತ್ತು ವರ್ಷ. ಇಳಕಲ್ಲಿನ ಉರುಸಿಗೆ, ಹುನಗುಂದದ ಮದುವೆಗೆ, ಬಾಗಲಕೋಟೆಯ ಹತ್ತಿ ವ್ಯಾಪಾರಿಗಳ ಮನೆಗೆ ಅವನ ತಾಮ್ರದ ಬೋಗುಣಿ ಹೋಗಿ ಬಂದವು. ಅವನ ಹಳದಿ ಗೊಜ್ಜಿನ ಕೋಳಿಗೆ ಮಲೀಕನ ಕೋಳಿ ಎಂದೇ ಹೆಸರು ಬಿತ್ತು. ಯಾರೂ ಅದನ್ನು ಫ್ರೆಂಚ್ ಅನ್ನಲಿಲ್ಲ, ಅವನೂ ಅನ್ನಿಸಲಿಲ್ಲ. ಟೇಬಲ್ಲಿನ ಮೇಲೆ ಜೈನಬಿ ಹಪ್ಪಳ ಒಣಗಿಸುತ್ತಿದ್ದಳು. ಮದುವೆಗಳಲ್ಲಿ ಅವನು ಒಲೆಯ ಹತ್ತಿರ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಲ್ಲುವನು. ಯಾಕೆ ಹಾಗೆ ಎಂದು ಹೊಸಬರು ಕೇಳಿದರೆ, “ಕೈ ತಾವ ಹೋಗ್ತಾವ್ರಿ,” ಅನ್ನುವನು. ಒಂದು ಸಲ ಮಾತ್ರ ತಪ್ಪಿತು. ಹುನಗುಂದದಲ್ಲಿ ಒಬ್ಬ ಬೀಗರ ತಾಟು ಎತ್ತಿಬಿಟ್ಟ. ದೌಲತಬಿ ಅಲ್ಲೇ ಇದ್ದಳು. ಅದನ್ನು ಅವನ ಕೈಯಿಂದ ಕಸಿದು, ಎರಡು ಪಟ್ಟು ತುಂಬಿ, ತಿರುಗಿ ಅವರ ಮುಂದಿಟ್ಟಳು. ಬೀಗರು ಅದನ್ನು ಉಪಚಾರವೆಂದೇ ತಿಳಿದರು.

ಹತ್ತೊಂಬತ್ತು ವರ್ಷದಲ್ಲಿ ಊರೆಲ್ಲ ಅವನ ಅಡಿಗೆ ಹೊಗಳಿತು. ಜೈನಬಿ ಹೊಗಳಲಿಲ್ಲ. ಎಲ್ಲರದೂ ಮುಗಿದ ಮೇಲೆ ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಉಣ್ಣುವಳು. ಹೇಗಿತ್ತು ಎಂದು ಅವನು ಕೇಳಿದರೆ, “ಉಪ್ಪು ಐತಿ,” ಅನ್ನುವಳು. ಬೇರೆ ಮಾತಿಗೆ ಊರಲ್ಲೇ ಮುಂದಾದವಳು, ಇದೊಂದಕ್ಕೆ ಬಾಯಿ ಕಟ್ಟಿದವಳ ಹಾಗೆ ಇದ್ದಳು.

ಕಡೆಯ ಚಳಿಗಾಲದಲ್ಲಿ ಅವನಿಗೆ ದಮ್ಮು ಹತ್ತಿತು. ಮುಂದಿನ ಕೋಣೆಯಲ್ಲೇ ಮಂಚ ಹಾಕಿದರು. ಮಲಗಿದಲ್ಲಿಂದಲೇ ಒಲೆಯ ಸಪ್ಪಳ ಕೇಳಿ, “ಉಳ್ಳಾಗಡ್ಡಿ ದೊಡ್ಡು ಹೆಚ್ಚಾಕತ್ತೀರಿ,” ಎಂದು ಹೇಳುವನು. ಹೆಚ್ಚುವವರು ತಮ್ಮ ಚೂರು ನೋಡಿಕೊಂಡರೆ ಅದು ಖರೆಯೇ ಇರುತ್ತಿತ್ತು. ಒಂದು ಬೆಳಿಗ್ಗೆ ಜೈನಬಿ ಹಕೀಮರ ಮನೆಗೆ ಔಷಧ ತರಲು ಹೋದಳು. ದೌಲತಬಿ ಮಂಚದ ಹತ್ತಿರ ಕೂತು ಅವನ ಬಾಯಿಗೆ ಚಮಚೆಯಿಂದ ಗಂಜಿ ಹಾಕುತ್ತಿದ್ದಳು. ಎಂಟು ಚಮಚೆ ಕುಡಿದು ಅವನು ಸಾಕೆಂದ. ತಲೆ ಎತ್ತಿ ಬಾಗಿಲ ಕಡೆ ನೋಡಿದ, ಓಣಿಯಲ್ಲಿ ಯಾರ ಹೆಜ್ಜೆಯೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ದನಿ ಇಳಿಸಿ ಕೇಳಿದ.

“ಆಪಾ, ನೀ ಇದ್ದದ್ದ ಹೇಳಾಕಿ. ನಾ ಮಾಡಿದ್ದು ಆಕೀಗೆ ಖರೇನ ಸೇರತಿತ್ತೇನು?”